ಬೀದಿಗಿಳಿದ ಗ್ರಾಫು

ಸಾರಿಸಿದ ಅಂಗಳದ ಹಸಿ ವಾಸನೆ ಬಂದರೆ ತೊಗರ್ಸಿಯ ಮಹಾಂತೇಶನಿಗೆ ಈಗಲೂ ಆ ಮಾರ್ಚ್ ತಿಂಗಳು ನೆನಪಾಗುತ್ತದೆ. ಹೆಂಡತಿ ವೀರಮ್ಮ ಮೂವತ್ಮೂರನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಿದ್ದಳು. ಪಾಸಾದರೆ ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಬಹುದು. ಗಣಿತ ಒಂದೇ ಅಡ್ಡ ನಿಂತಿತ್ತು, ಅದರಲ್ಲೂ ಗ್ರಾಫು.

ಮಹಾಂತೇಶ ತಾನೇ ಗಣಿತಾಚಾರ್ಯನ ಪಟ್ಟವೇರಿದ. (ಅವನ ಕಾಲದಲ್ಲಿ ಅವನಿಗೆ ಬಂದಿದ್ದು ಮೂವತ್ತಾರು. ಆ ಮಾತು ಈಗ ಬೇಡ.)

"ವೈ ಅಂದ್ರೆ ಎಕ್ಸಿನ ವರ್ಗ. ಸೂತ್ರ ಬಾಯಿಪಾಠ ಮಾಡು, ಚಿತ್ರ ತಾನೇ ಬರ್ತದೆ."

"ಬಾಯಿಪಾಠ ಮಾಡಿದ್ರೆ ಅನ್ನ ತಾನೇ ಬೇಯ್ತದೇನ್ರೀ? ಚುಕ್ಕಿ ಎಲ್ಲಿಡ್ಲಿ, ಅದು ಹೇಳ್ರಿ," ಎಂದು ವೀರಮ್ಮ ರಂಗೋಲಿ ಬಟ್ಟಲು ಹಿಡಿದು ಅಂಗಳಕ್ಕಿಳಿದಳು.

ಅಡ್ಡಗೆರೆ, ಉದ್ದಗೆರೆ ಎಳೆದಾಯಿತು. ಮೇಲೆಂದರೆ ಬಾಗಿಲ ಕಡೆ, ಕೆಳಗೆಂದರೆ ಬೀದಿ ಕಡೆ. ಒಂದಕ್ಕೆ ಒಂದು, ಎರಡಕ್ಕೆ ನಾಲ್ಕು: ಬಲಗಡೆಯ ಚುಕ್ಕಿಗಳು ಚೆಂದವಾಗಿ ಬಾಗಿಲತ್ತ ಏರಿದವು.

"ಈಗ ಎಡಗಡೆ. ಮೈನಸ್ ಒಂದಕ್ಕೆ ಮೈನಸ್ ಒಂದು, ಮೈನಸ್ ಎರಡಕ್ಕೆ ಮೈನಸ್ ನಾಲ್ಕು," ಆಚಾರ್ಯರ ಅಪ್ಪಣೆಯಾಯಿತು.

ಚುಕ್ಕಿ ಇಡುತ್ತ ಹಿಂದೆ ಸರಿದ ವೀರಮ್ಮ ಬೀದಿಗೇ ಬಂದಳು.

"ಏನವ್ವಾ, ನಿಮ್ಮನೆ ರಂಗೋಲಿ ಮನೆ ಬಿಟ್ಟು ಹೊಂಟೈತಲ್ಲ!" ಎಂದಳು ಎದುರುಮನೆ ಗುಡ್ಡಮ್ಮ.

ವೀರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ರೀ, ಒಂದು ತೋಳು ಮೇಲೆ, ಒಂದು ತೋಳು ಕೆಳಗೆ. ಮೈನಸ್ಸಿಗೆ ಮೈನಸ್ ಗುಣಿಸಿದ್ರೆ ಪ್ಲಸ್ಸು ಅಂತ ನಿನ್ನೆ ನೀವೇ ಅಂದ್ರಲ್ಲ?"

"ಗಣಿತ ಅಂದ್ರೆ ರಂಗೋಲಿ ಅಲ್ಲ ಮಾರಾಯ್ತಿ!" ಎಂದವನು ಪುಸ್ತಕ ತೆರೆದು ನೋಡಿ, ಮೆಲ್ಲಗೆ ಮುಚ್ಚಿದ. ಅದರಲ್ಲಿ ಎರಡೂ ತೋಳು ಮೇಲೇ ಇದ್ದವು.

ಇಪ್ಪತ್ತು ವರ್ಷದ ಹಿಂದಿನ ಕಪ್ಪುಹಲಗೆ ಕಣ್ಣಮುಂದೆ ಬಂತು. ಮೇಷ್ಟ್ರು ಸೀಮೆಸುಣ್ಣ ಹಿಡಿದು, "ಆಕಾರ ತಿಳೀತೇನ್ರೋ?" ಎಂದು ಕೇಳುತ್ತಿದ್ದರು. "ತಿಳೀತು ಸಾರ್!" ಎನ್ನುವ ದನಿಗಳಲ್ಲಿ ಮಹಾಂತೇಶನದೇ ಜೋರು.

ಆಮೇಲೆ ದಿನವೂ ಅಂಗಳವೇ ಶಾಲೆ. ಅವನು ಲೆಕ್ಕ ಹೇಳುವನು. ಗೆರೆ ಸೊಟ್ಟಗಾದರೆ ಅವಳು ಲೆಕ್ಕದ ತಪ್ಪು ಹುಡುಕುವಳು. ಪರೀಕ್ಷೆಯಲ್ಲಿ ಗಣಿತಕ್ಕೆ ನಲವತ್ತೊಂದು ಬಂತು.

ಸಕ್ಕರೆ ಬಾಯಿಗೆ ಹಾಕಿಕೊಂಡ ಗುಡ್ಡಮ್ಮ, "ಯಾರವ್ವಾ ಹೇಳಿಕೊಟ್ಟಿದ್ದು?" ಎಂದಳು. ಮಹಾಂತೇಶ ಅಂಗಿಯ ಕಾಲರು ಸರಿಮಾಡಿಕೊಂಡ.

"ಇವರೇ ಕಣವ್ವಾ. ಇವರು ತಪ್ಪು ಹೇಳ್ತಾ ಹೋದ್ರು, ನಾನು ತಿದ್ಕೊಳ್ತಾ ಹೋದೆ."

ಗುಡ್ಡಮ್ಮ ನಗಲಿಲ್ಲ, ಬಹಳ ಯೋಚಿಸಿ, "ಹಂಗಾರೆ ನಮ್ಮ ಸೊಸೀಗೂ ನಾಕು ದಿನ ಕಳಿಸವ್ವಾ ಇವರನ್ನ. ಅವಳದೂ ಗಣಿತ ಉಳದೈತೆ," ಎಂದಳು.