ಕತ್ತೆಯನ್ನು ಉಳಿಸಿ ಅಜ್ಜನನ್ನು ಒರೆಸಿದ ಯಂತ್ರಕ್ಕೆ

ಚಲನಚಿತ್ರ ಭಂಡಾರದ ನೆಲಮಾಳಿಗೆಯಲ್ಲಿ ವಿರಾಜಮಾನರಾಗಿ ಹಳೆಯ ರೀಲುಗಳ ಧೂಳು ತೆಗೆಯುತ್ತಿರುವ ಯಂತ್ರ ಮಹಾಶಯರಾದ ಮಾನ್ಯರೇ,

ತಮ್ಮ ಬೆಲ್ಟು, ಬ್ರಷ್ಷು, ಬಲ್ಬುಗಳೆಲ್ಲ ಕ್ಷೇಮವೆಂದು ನಂಬಿ, ಹಾಗೆಯೇ ಇರಲೆಂದು ಹಾರೈಸಿ, ಈ ಟೈಲರ್ ವಿನಯಪೂರ್ವಕವಾಗಿ ಬರೆದುಕೊಳ್ಳುವುದೇನೆಂದರೆ:

ಯುದ್ಧದ ಕಾಲದಲ್ಲಿ ತೆಗೆದ, ಗಡಿ ಕಾವಲುಗಾರರು ಕಳ್ಳಸಾಗಣೆದಾರರನ್ನು ಒಂದೂವರೆ ಗಂಟೆ ಅಟ್ಟಿಸಿಕೊಂಡು ಹೋಗುವ ಆ ಸಿನಿಮಾವನ್ನು ಜನ ಬಿಡುಗಡೆಯಾದ ವಾರವೇ ಮರೆತುಬಿಟ್ಟರು. ಮರೆಯದವರು ನಮ್ಮ ಮನೆಯವರು ಮಾತ್ರ. ಏಕೆಂದರೆ ಮೂರನೆಯ ರೀಲಿನಲ್ಲಿ, ದೂರದ ದಿಬ್ಬದ ಮೇಲೆ, ಕತ್ತೆಯ ಹಗ್ಗ ಹಿಡಿದು ಒಂಬತ್ತು ಸೆಕೆಂಡು ಬಗ್ಗಿ ನಡೆಯುವ ಕಳ್ಳ ನಮ್ಮಜ್ಜ. ಉಳಿದ ಕಳ್ಳರೆಲ್ಲ ಕೊನೆಗೆ ಸಿಕ್ಕಿಬೀಳುತ್ತಾರೆ. ಅಜ್ಜ ಸಿಗುವುದಿಲ್ಲ, ಬಂಧನದ ದೃಶ್ಯ ತೆಗೆಯುವ ಹೊತ್ತಿಗೆ ಅವರು ಊಟಕ್ಕೆ ಮನೆಗೆ ಹೋಗಿದ್ದರು. ಅವರದು ಬೇರೆ ಒಂದು ಫೋಟೊ ಕೂಡ ನಮ್ಮಲ್ಲಿಲ್ಲವಾದ್ದರಿಂದ, ಅಜ್ಜಿ ವರ್ಷಕ್ಕೊಮ್ಮೆ ಭಂಡಾರದವರು ಹಳೆಯ ಪ್ರತಿ ತೋರಿಸುವ ದಿನ ಹೋಗಿ ನೋಡಿಕೊಂಡು ಬರುತ್ತಿದ್ದರು.

ಈ ಸಲ ತಾವು ಅದನ್ನು ಥಳಥಳ ತೊಳೆದಿದ್ದೀರೆಂದು ಕೇಳಿ, ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಅಜ್ಜಿಯನ್ನು ಮುಂದಿನ ಸಾಲಿನಲ್ಲೇ ಕೂರಿಸಿದೆ. ಗೀರಿಲ್ಲ, ಕಲೆಯಿಲ್ಲ, ಆಹಾ, ನಾಯಕನ ಮೂಗಿನ ಕೂದಲನ್ನೂ ಎಣಿಸಬಹುದಿತ್ತು! ಮೂರನೆಯ ರೀಲು ಬಂತು, ದಿಬ್ಬ ಬಂತು, ಗಾಳಿಯಲ್ಲಿ ತೇಲುವ ಹಗ್ಗದೊಡನೆ ಕತ್ತೆ ಯಾರ ಹಂಗೂ ಇಲ್ಲದೆ ತಾನೊಂದೇ ಗಡಿ ದಾಟಿತು. "ಅಯ್ಯೋ, ಎಲ್ಲೋ ನಿಮ್ಮಜ್ಜ? ಕಣ್ಣು ಮಂಜಾಗಿದ್ದಾಗಲೇ ಚೆನ್ನಾಗಿ ಕಾಣ್ತಿದ್ರಲ್ಲೋ!" ಎಂದು ಅಜ್ಜಿ ಇಡೀ ಥಿಯೇಟರಿಗೆ ಕೇಳುವಂತೆ ಅತ್ತುಬಿಟ್ಟರು. ವಿಚಾರಿಸಿದರೆ, ತಾವು ಅವರನ್ನು ಧೂಳಿನ ಕಣವೆಂದು ತಿಳಿದು ಒರೆಸಿಹಾಕಿದ್ದೀರಂತೆ.

ತಮ್ಮ ದಕ್ಷತೆಗೆ ಉದ್ದಂಡ ನಮಸ್ಕಾರ. ಇಡೀ ಗಡಿ ಪಡೆ, ಎರಡು ಜೀಪು, ಒಂದು ಬೇಟೆನಾಯಿ ಸೇರಿ ಹಿಡಿಯಲಾಗದವರನ್ನು ತಾವು ಕೂತಲ್ಲೇ ಹಿಡಿದಿರಿ, ಪದಕ ಕೊಡಬೇಕಾದದ್ದೇ. ಆದರೂ ನನಗೆ ಹೊಟ್ಟೆ ಉರಿಯುತ್ತಿದೆ, ಮಾನ್ಯರೇ. ದಯವಿಟ್ಟು ತಮ್ಮ ಕಸದ ಚೀಲವನ್ನು ಬಿಳಿ ಬಟ್ಟೆಯ ಮೇಲೆ ಸುರಿದು, ಅದರಲ್ಲಿ ಬಗ್ಗಿ ನಡೆಯುತ್ತಿರುವ ಕಣವನ್ನು ಆರಿಸಿ, ಕತ್ತೆಯ ಮುಂದೆ (ಹಿಂದೆ ಬೇಡ, ಅದು ಒದೆಯುತ್ತದೆ) ಮರಳಿ ಅಂಟಿಸಿ. ಅದಾಗದಿದ್ದರೆ ಹಳೆಯ ಕೊಳಕು ಪ್ರತಿಯನ್ನೇ ತೋರಿಸಿ. ನಾವು ಯಾರೂ ಅದನ್ನು ಒರೆಸುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡುತ್ತೇವೆ.

ಎಲ್ಲ ಬಗೆಯ ಧೂಳಿನ ಮೇಲಿನ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ಕಣವೊಂದರ ಮೊಮ್ಮಗ

ತಾ.ಕ.: ಅಜ್ಜಿ ಈಗ ಅಳು ನಿಲ್ಲಿಸಿದ್ದಾರೆ. "ಆ ಬಂದೂಕಿನವರ ಕೈಗೇ ಸಿಗದವರು ಒಂದು ಮಿಷಿನ್ ಕೈಗೆ ಸಿಗ್ತಾರಾ? ಊಟಕ್ಕೆ ಹೋಗಿರ್ತಾರೆ, ಬರ್ತಾರೆ" ಎನ್ನುತ್ತಾ, ಅವರು ಬರುವ ತನಕ ಕಾಯಲು ಶನಿವಾರ ತಮ್ಮ ನೆಲಮಾಳಿಗೆಗೇ ಬರುತ್ತಿದ್ದಾರೆ. ಅವರ ಕಣ್ಣು ಈಗ ಬಹಳ ಚುರುಕಾಗಿದೆ. ತಮ್ಮ ಪ್ಲಗ್ಗು ಯಾವ ಗೋಡೆಯಲ್ಲಿದೆಯೆಂಬುದು ಬಾಗಿಲಿನಿಂದಲೇ ಕಾಣುತ್ತದೆ.