ಒಂದೇ ಪ್ಲಗ್ಗಿನ ಹೋಟೆಲು

ಬೇಲೂರು–ಹಳೇಬೀಡು ರಸ್ತೆಯಲ್ಲಿ ಇಡ್ಲಿ ಹೋಟೆಲು ಇಟ್ಟವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ಸೈಕಲ್ ಪ್ರವಾಸದವರು ತಾವಾಗಿಯೇ ಬರುತ್ತಾರೆ. ಅವರಿಗೆ ಹಸಿವಿಗಿಂತ ಮೊದಲು ಬೇಕಾಗುವುದು ಪ್ಲಗ್ಗು. ನಮ್ಮಲ್ಲಿರುವುದು ಒಂದೇ. ಈಚೆಗಂತೂ ಅದು ನನಗೇ ಬೇಕಿತ್ತು. ಅರಸೀಕೆರೆಯ ತವರಿನಲ್ಲಿ ತಂಗಿಗೆ ದಿನ ತುಂಬಿತ್ತು, ಚೊಚ್ಚಲ ಹೆರಿಗೆ. ನನ್ನ ಸಣ್ಣ ಕೂಸನ್ನೂ ಹೋಟೆಲನ್ನೂ ಬಿಟ್ಟು ನಾನು ಹೋಗುವಂತಿರಲಿಲ್ಲ. ಯಾವ ಗಳಿಗೆಯಲ್ಲಿ ಸುದ್ದಿ ಬರುತ್ತೋ ಎಂದು ನನ್ನ ಹಳೇ ಮೊಬೈಲನ್ನು ಜೀವಂತ ಇಟ್ಟುಕೊಂಡು ಕಾಯುತ್ತಿದ್ದೆ.

ಸುಸ್ತಿನ ಗಡಿಯಾರ

ಒಬ್ಬ ಹುಡುಗ ಬಂದವನೇ ಚೀಲ ಸುರಿದ. ಫೋನು, ಕ್ಯಾಮೆರಾ, ಲೈಟು, ಕಿವಿಗೆ ಸಿಕ್ಕಿಸುವುದು, ಕೈಗೆ ಕಟ್ಟುವುದು. ನನ್ನ ಫೋನ್ ಕಿತ್ತು ತನ್ನದು ಸಿಕ್ಕಿಸಲು ಹೊರಟ.

"ಅದನ್ನ ಮುಟ್ಟಬೇಡಿ. ಸೈಕಲ್ಲಿಗೂ ಚಾರ್ಜ್ ಬೇಕಾ?"

"ಇಲ್ಲಕ್ಕಾ, ಅದು ಕಾಲಲ್ಲೇ ಓಡುತ್ತೆ."

"ಸದ್ಯ. ಈ ಗಡಿಯಾರ ಏನು ಮಾಡುತ್ತೆ?"

"ನನಗೆ ಸುಸ್ತಾಗಿದೆಯಾ ಅಂತ ಹೇಳುತ್ತೆ."

"ಈಗ ಅದೇ ಸುಸ್ತಾಗಿ ಬಿದ್ದಿದೆಯಲ್ಲ, ನಿಮಗೆ ಹೇಗಿದೆ?"

ಹುಡುಗ ಗಡಿಯಾರದ ಮುಖ ಒರೆಸಿ ನೋಡಿದ. "ಚಾರ್ಜ್ ಆಗಲಿ, ನೋಡಿ ಹೇಳ್ತೀನಿ."

ಹಪ್ಪಳ

ಇನ್ನೊಂದು ಜೋಡಿ ಬುದ್ಧಿವಂತರು, ಪ್ಲಗ್ಗೇ ಕೇಳಲಿಲ್ಲ. ಬಿಸಿಲಿನಿಂದ ಕರೆಂಟು ಮಾಡುವ ಕಪ್ಪು ಹಾಳೆಯನ್ನು ಅಂಗಳದಲ್ಲಿ ಬಿಚ್ಚಿ, ಫೋನ್ ಸಿಕ್ಕಿಸಿ, ಹುಲಿಕೆರೆ ಕೊಳ ನೋಡಲು ಹೋದರು. ನಾನು ಒಳಗೆ ಚಟ್ನಿ ರುಬ್ಬುತ್ತಿದ್ದೆ.

ಅವರು ವಾಪಸ್ ಬಂದು ನೋಡಿದರೆ ಫೋನು ಮೊದಲು ಹೇಗಿತ್ತೋ ಹಾಗೇ ಇದೆ. ಹಾಳೆ ತುಂಬ ನಮ್ಮತ್ತೆ ಹಪ್ಪಳ ಹರಡಿದ್ದಾರೆ.

"ಅಜ್ಜಿ, ಚಾರ್ಜೇ ಆಗಿಲ್ಲ," ಎಂದಳು ಆ ಹುಡುಗಿ, ಅಳುವ ದನಿಯಲ್ಲಿ.

ಅತ್ತೆ ಒಂದು ಹಪ್ಪಳ ಎತ್ತಿ ಮುರಿದು ನೋಡಿದರು. "ನಿಂದು ಆಗದಿದ್ರೆ ಏನವ್ವ, ನಮ್ದು ಆಗೈತೆ. ಒಳ್ಳೆ ಚಾಪೆ ಕಣವ್ವ. ಎಲ್ಲಿ ತಗೊಂಡೆ?"

ಮೇಷ್ಟ್ರ ಡೈನಮೋ

ಆಮೇಲೆ ಒಂದು ದಿನ ಬೆಳಿಗ್ಗೆ ಗಾಳಿಗೆ ಕಂಬ ಬಿದ್ದು ಕರೆಂಟೇ ಹೋಯಿತು. ತಂಗಿಯನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಅಮ್ಮ ಹೇಳುತ್ತಿದ್ದಂತೆ ನನ್ನ ಫೋನು ಕಣ್ಣು ಮುಚ್ಚಿತು.

ಸಂಜೆ ಹೊತ್ತಿಗೆ ರಿಟೈರಾದ ಮೇಷ್ಟ್ರೊಬ್ಬರು ಸೈಕಲ್ಲಿನಲ್ಲಿ ಬಂದರು. ಹಿಂದಿನ ಚಕ್ರಕ್ಕೆ ಡೈನಮೋ, ಅದಕ್ಕೊಂದು ಚಾರ್ಜರು. ಜೀವಮಾನದಲ್ಲಿ ಮೊದಲ ಸಲ ನಾನೇ ಕೇಳಿದೆ: "ಸಾರ್, ಸ್ವಲ್ಪ ಚಾರ್ಜ್ ಸಿಗುತ್ತಾ?"

ಪಾಪ, ಸ್ಟ್ಯಾಂಡ್ ಹಾಕಿ ಹತ್ತಿ ಕೂತು ತುಳಿಯತೊಡಗಿದರು. ಟೀ ಕುಡಿಯುತ್ತಿದ್ದ ಒಬ್ಬ ರೈತ ಪಕ್ಕದವನಿಗೆ, "ಏನ್ಲಾ, ಆವಾಗಿಂದ ತುಳೀತಾವ್ರೆ, ಇನ್ನೂ ಇಲ್ಲೇ ಅವ್ರಲ್ಲ," ಎಂದ.

ಫೋನು ಕಣ್ಣು ಬಿಟ್ಟಿತು. ತಂಗಿಗೆ ಮಾಡಿದರೆ ಸ್ವಿಚ್ ಆಫ್. ಅಮ್ಮನಿಗೆ ಮಾಡಿದರೂ ಸ್ವಿಚ್ ಆಫ್. ಆಗ ತಂಗಿ ಮೊದಲೇ ಕಳಿಸಿದ್ದ ಮೆಸೇಜೊಂದು ಅವಳ ದನಿಯಲ್ಲೇ ಬಂದು ಬಿತ್ತು: "ಅಕ್ಕಾ, ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದೀವಿ. ಇಲ್ಲಿ ಅಮ್ಮನ ಫೋನಲ್ಲೂ ನನ್ನದ್ರಲ್ಲೂ ಚಾರ್ಜ್ ಮುಗೀತಾ ಇದೆ. ಎಲ್ಲರಿಗೂ ನೀನೇ ಹೇಳಿಬಿಡು."

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಶುರು ಮಾಡಿದೆ. ಅರೇಹಳ್ಳಿ ಚಿಕ್ಕಮ್ಮ, ಬೇಲೂರಿನ ಮಾವ, ಮಾಲೇಕಲ್ಲಿನ ಸೋದರತ್ತೆ. ಒಬ್ಬೊಬ್ಬರಿಗೂ ಮೂಗು ಯಾರದ್ದು, ಬಣ್ಣ ಯಾರದ್ದು ಅಂತ ಹೇಳಬೇಕು. ನಾನೇ ಮಗುವನ್ನು ನೋಡಿಲ್ಲ. ಮೇಷ್ಟ್ರು ಕಾಲು ನಿಲ್ಲಿಸಿದರೆ ಫೋನು ನಿಲ್ಲುತ್ತೆ.

ಬೆವರೊರೆಸಿಕೊಳ್ಳುತ್ತಾ ಅವರು ಕೇಳಿದರು, "ಇನ್ನೂ ಎಷ್ಟು ಜನ ಇದ್ದಾರಮ್ಮ?"

ಅತ್ತೆ ಮಜ್ಜಿಗೆ ಲೋಟ ತಂದು ಅವರ ಕೈಗಿಟ್ಟರು. "ಮಗೀನ ತಾಯಿ ಕಡೆಯವರದ್ದು ಮುಗೀತು ಮೇಷ್ಟ್ರೇ. ಇದನ್ನ ಕುಡೀರಿ, ಅಪ್ಪನ ಕಡೆಯವರದ್ದು ಶುರು ಮಾಡಾನ."