ತೇವಾಂಶ ಗೂಟವನ್ನು ಅಗತ್ಯಕ್ಕಿಂತ ಹೆಚ್ಚು ತೊಳೆದಿರುವ ಕುರಿತು

ತೇವಾಂಶ ಮಾಪನ ಉಪಶಾಖೆ
ರವೀಂದ್ರನಗರ, ಶಿವಮೊಗ್ಗ

ಸಂಖ್ಯೆ: ತೇಮಾ/ಗೂಟ/ಸ್ನಾನ/07/2025-26
ದಿನಾಂಕ: 02-06-2025

ವಿಷಯ: ಭದ್ರಾವತಿ ಭಾಗದ ಕಾಲುವೆಯ ಕೊನೆಯ ಗದ್ದೆಯಲ್ಲಿ ನೆಟ್ಟ ಗೂಟ, ಹಾಗೂ ನೀರುಗಂಟಿ ಶ್ರೀ ಶಿವಯೋಗಪ್ಪ ಅವರ ನಡತೆ.

ಉಲ್ಲೇಖ: 1) ಇದೇ ಕಚೇರಿಯ ಗೂಟ ಶುಚಿತ್ವ ಸುತ್ತೋಲೆ. 2) ಶ್ರೀಮತಿ ಕಾಶಮ್ಮ ಅವರ ಅರ್ಜಿ, ಮತ್ತು ಅರ್ಜಿಯಲ್ಲಿ ಬರೆಯದೆ ಬಾಯಲ್ಲಿ ಹೇಳಿದ್ದು.

ಮಣ್ಣಿಗೆ ಎರಡು ಲೋಹದ ಮುಳ್ಳು ಚುಚ್ಚಿ, ಸಣ್ಣಗೆ ಕರೆಂಟು ಹಾಯಿಸಿ, ತೇವ ಎಷ್ಟಿದೆಯೆಂದು ಅಂಕಿಯಲ್ಲಿ ಹೇಳುವ ಗೂಟವೊಂದನ್ನು ಕಾಶಮ್ಮ ಅವರ ಭತ್ತದ ಗದ್ದೆಯಲ್ಲಿ ನೆಡಲಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಅಂಕಿ ಅರವತ್ತು ದಾಟಿದ್ದರೆ ತೂಬು ತೆರೆಯತಕ್ಕದ್ದಲ್ಲ. ಇಪ್ಪತ್ತಾರು ವರ್ಷ ಹಿಡಿ ಮಣ್ಣನ್ನು ಉಂಡೆ ಕಟ್ಟಿ ನೋಡಿ ನೀರು ಬಿಡುತ್ತಿದ್ದ ಶಿವಯೋಗಪ್ಪ ಅವರ ಬಲಗೈಯನ್ನು ಅಂದಿನಿಂದ ಅನಧಿಕೃತ ಉಪಕರಣವೆಂದು ಘೋಷಿಸಲಾಯಿತು. ಅವರಿಗೆ ಬಹಳ ಬೇಸರವಾಯಿತು. ಬೇಸರಕ್ಕೆ ನಿಗದಿತ ನಮೂನೆ ಇಲ್ಲದ್ದರಿಂದ ದಾಖಲಿಸಿಲ್ಲ.

ಸರ್ಕಾರಿ ಸ್ವತ್ತಿನ ಮೇಲೆ ಧೂಳು ಕೂರಬಾರದೆಂದು ಉಲ್ಲೇಖ 1ರಲ್ಲಿ ಆದೇಶವಿದ್ದುದರಿಂದ, ಅವರು ದಿನವೂ ಎಂಟೂ ಐವತ್ತಕ್ಕೆ, ಭದ್ರಾವತಿಯ ಓಲ್ಡ್ ಟೌನಿನಲ್ಲಿ ಕೊಂಡ ಹಿತ್ತಾಳೆ ಚೊಂಬಿನಿಂದ ಗೂಟವನ್ನು ಬುಡದವರೆಗೆ ತೊಳೆದರು. ಒಂಬತ್ತಕ್ಕೆ ಗೂಟ ತೊಂಬತ್ತೆರಡು ತೋರಿಸಿತು. ಹೀಗೆ ಹದಿಮೂರು ದಿನ ತೂಬು ಮುಚ್ಚಿತ್ತು. ಕಾಲುವೆ ತುಂಬ ನೀರು, ತೆನೆ ಹಾಲುಗಟ್ಟುವ ಹೊತ್ತು, ಗೂಟದ ಸುತ್ತ ಒಂದು ಗೇಣು ಬಿಟ್ಟು ಗದ್ದೆಯೆಲ್ಲ ಬಿರುಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಕಾಶಮ್ಮ ಈ ಕಚೇರಿಯಲ್ಲಿ ಮೂರು ಬಾರಿ ಹೇಳಿರುವುದನ್ನು ಗಮನಿಸಲಾಗಿದೆ.

ಆದುದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಕಾಶಮ್ಮ ಅವರು ಸೆರಗಿನಲ್ಲಿ ತಂದ ಗದ್ದೆಯ ಒಣಮಣ್ಣಿನ ಹೆಂಟೆಯನ್ನು ಮೇಜಿನ ಮೇಲಿಟ್ಟು, "ಈ ಹೆಂಟೇಲಿ ತೊಂಬತ್ತೆರಡು ಎಲ್ಲೈತೆ ತೋರ್ಸಿ ಸಾಹೇಬ್ರೇ. ಇನ್ನು ಮೂರು ದಿನ ನೀರು ಬಿಡ್ಲಿಲ್ಲ ಅಂದ್ರೆ ಜೊಳ್ಳೇ ಗತಿ" ಎಂದಿರುತ್ತಾರೆ. ಇನ್ನು ಮುಂದೆ ಹೆಂಟೆಗಳನ್ನು ಎರಡು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.

2. ಗದ್ದೆಯ ಬಿರುಕನ್ನು ಗೂಟದ ವಿರುದ್ಧ ಸಾಕ್ಷಿಯಾಗಿ ಪರಿಗಣಿಸಲಾಗದು. ಪರಿಶೀಲನೆಯ ವೇಳೆ ಅಧಿಕಾರಿಯ ಪೆನ್ನು ಬಿರುಕಿಗೆ ಬಿದ್ದಿದ್ದು, ಅದು ತೇವದಲ್ಲಿ ಮುಳುಗಿದೆ ಎಂದೇ ಬರೆಯುವುದು.

3. ಒಂಬತ್ತು ಗಂಟೆಗೆ ಗೂಟದ ಮೇಲೆ ಕಪ್ಪೆ ಕುಳಿತಿದ್ದಲ್ಲಿ ಕಪ್ಪೆಯ ತೇವವನ್ನು ಕಳೆದು ಅಂಕಿ ಬರೆಯುವುದು. ವಿವರಣೆ ಸಲ್ಲಿಸಲು ಕಪ್ಪೆಗೆ ಏಳು ದಿನಗಳ ಕಾಲಾವಕಾಶ ನೀಡುವುದು.

4. "ಒಂದು ಚೊಂಬಲ್ಲಿ ಬುಡದ ಕೆಸರು ಹೋಗ್ತಾ ಇಲ್ಲ ಸಾರ್, ಎಷ್ಟು ನೀರು ಬಳಸ್ಲಿ" ಎಂದು ಶಿವಯೋಗಪ್ಪ ಕೇಳಿದ್ದಕ್ಕೆ, "ಶುಚಿಯಾಗುವವರೆಗೆ" ಎಂದು ಕಚೇರಿ ಲಿಖಿತ ಉತ್ತರ ನೀಡಿದ್ದು ನಿಜ. ಅವರು ಆ ಕಾಗದವನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟು, ನೇರ ಹೋಗಿ ತೂಬು ಎತ್ತಿ, ಎರಡು ದಿನ ಕಾಲುವೆ ನೀರಿನಲ್ಲೇ ಗೂಟ ತೊಳೆದಿದ್ದಾರೆ. ಕಾಶಮ್ಮ ಬದುವಿನ ಮೇಲೆ ನಿಂತು, "ಇನ್ನೂ ಕೊಳೆ ಐತೆ ಶಿವಯೋಗಣ್ಣ, ಚೆನ್ನಾಗಿ ತೊಳೀರಿ" ಎಂದು ಮೇಲ್ವಿಚಾರಣೆ ನಡೆಸಿದ್ದಾರೆ. ಹದಿಮೂರು ದಿನದ ಮೇಲೆ ಅಂದು ಶಿವಯೋಗಪ್ಪ ಅವರಿಗೆ ಊಟ ರುಚಿಸಿತೆಂದು ತಿಳಿದುಬಂದಿದೆ.

5. ಗೂಟ ಇಷ್ಟು ಶುಚಿಯಾಗಿ ಹಿಂದೆಂದೂ ಇರಲಿಲ್ಲವಾದ್ದರಿಂದ ಅವರಿಗೆ ಪ್ರಶಂಸಾಪತ್ರವನ್ನೂ, ಕಾರಣ ಕೇಳುವ ನೋಟಿಸನ್ನೂ ಒಂದೇ ಲಕೋಟೆಯಲ್ಲಿ ಕಳುಹಿಸುವುದು.

6. ಇನ್ನು ಮುಂದೆ ಗೂಟವನ್ನು ಬಟ್ಟೆಯಲ್ಲಿ ಒರೆಸಿ, ಹಿಂಡಿದ ನೀರನ್ನು ಕಾಲುವೆಗೆ ಹಿಂದಿರುಗಿಸಿ ರಸೀದಿ ಪಡೆಯತಕ್ಕದ್ದು.

7. ಕಾಶಮ್ಮ ಅವರ ಗದ್ದೆಯ ತೂಬನ್ನು ತಕ್ಷಣದಿಂದ ಮುಚ್ಚತಕ್ಕದ್ದು. ಇದು ಅತಿ ಜರೂರು.

ಸಹಿ/-
ಉಪ ನಿರ್ದೇಶಕರು (ತೇವ)
ಹೆಚ್ಚುವರಿ ಪ್ರಭಾರ: ಒಣ

ಪ್ರತಿಗಳು:
1. ಗೂಟಕ್ಕೆ, ಕಟ್ಟಿ ತೂಗುಹಾಕಲು.
2. ಕಪ್ಪೆಯ ಕಡತಕ್ಕೆ.
3. ಶ್ರೀ ಶಿವಯೋಗಪ್ಪ ಅವರಿಗೆ, ಜೇಬಿನಲ್ಲಿ ಇಟ್ಟುಕೊಳ್ಳದಿರುವ ಷರತ್ತಿನೊಂದಿಗೆ.
4. ಶ್ರೀಮತಿ ಕಾಶಮ್ಮ ಅವರಿಗೆ. ತೂಬು ಮುಚ್ಚುವ ಬಗ್ಗೆ ಇವರ ಅಭಿಪ್ರಾಯ ಕೇಳಲಾಗಿ, ಕಳೆದ ವಾರವೇ ಭತ್ತ ಕೊಯ್ದು ಒಕ್ಕಿ ಮನೆ ತುಂಬಿಸಿಕೊಂಡಿರುವುದರಿಂದ ತಮ್ಮದೇನೂ ಅಭ್ಯಂತರವಿಲ್ಲವೆಂದು ತಿಳಿಸಿರುತ್ತಾರೆ.